ಎದೆಯ ಮೇಲೆ ಜೀಪು ಹತ್ತಿಸಿಕೊಂಡವರು

ಶಿವಮೊಗ್ಗ ವಿದ್ಯಾನಗರದ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಗಳ ಮಗಳು ಶರಣ್ಯಾ ಆರು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದಳು. ಮೊಟ್ಟೆಯನ್ನು ಅಲ್ಲೇ ಬೇಯಿಸಿ ತಿಂದು ಬರುತ್ತಾಳೆಂದು ಗೊತ್ತಾದ ದಿನದಿಂದ ಅಮ್ಮ ಅವಳ ತಟ್ಟೆಯನ್ನು ಬೇರೆ ಇಟ್ಟಿದ್ದರು. ಅಪ್ಪ ಏನೂ ಅಂದವರಲ್ಲ. ದೇಹದಾರ್ಢ್ಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಎಂದಾಗ ಮಾತ್ರ, ಅಷ್ಟು ಚಿಕ್ಕ ಬಟ್ಟೆಯಲ್ಲಿ ನಿನ್ನನ್ನು ನೋಡಲಾರೆ ಎಂದು ಪೇಪರ್ ಮಡಿಸಿಟ್ಟು ಎದ್ದುಹೋದರು.

ಜಿಮ್ ನಡೆಸುವ ಮಲ್ಲಿಕ್ ಒಮ್ಮೆ ಭದ್ರಾವತಿಯ ಜಲಜಮ್ಮನ ವಿಷಯ ಹೇಳಿದ. ಸರ್ಕಸ್‌ನಲ್ಲಿ ಎದೆಯ ಮೇಲೆ ಜೀಪು ಹತ್ತಿಸಿಕೊಳ್ಳುತ್ತಿದ್ದವರಂತೆ. ಆ ಭಾನುವಾರವೇ ಶರಣ್ಯಾ ಬಸ್ಸು ಹತ್ತಿದಳು.

ಜಲಜಮ್ಮನಿಗೆ ಎಪ್ಪತ್ತೆಂಟು. ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಹದಿನೇಳಕ್ಕೆ, ಊರಿಗೆ ಬಂದ ಸರ್ಕಸ್ ಸೇರಿದರಂತೆ. ಇಬ್ಬರು ಗಂಡಸರನ್ನು ಭುಜದ ಮೇಲೆ ಹೊತ್ತು ನಡೆಯುತ್ತಿದ್ದ ಪದ್ಮಕ್ಕ ಎಂಬ ಹಿರಿಯಾಕೆ ಉಸಿರು ಬಿಗಿಹಿಡಿಯುವುದನ್ನು ಕಲಿಸಿದಳಂತೆ. ಇಪ್ಪತ್ತೆರಡು ವರ್ಷ ಊರೂರು ತಿರುಗಿದರು. ಮದುವೆಯ ಮಾತು ಎರಡು ಸಲ ಬಂತು. ಹುಡುಗನ ಮನೆಯವರು ಆಟ ನೋಡಿದ ಮೇಲೆ ನಿಂತಿತು. ವಾಪಸ್ ಬಂದಾಗ ಅಣ್ಣ ಒಳಗೆ ಕರೆಯಲಿಲ್ಲ. ಈಗ ಬೀದಿಯವರಿಗೆ ಅವರು ಹೂ ಕಟ್ಟುವ ಅಜ್ಜಿ, ಅಷ್ಟೇ.

"ಸಾವಿರ ಜನ ಚಪ್ಪಾಳೆ ಹೊಡೀತಿದ್ರು ಮಾರಾಯ್ತಿ," ಎಂದರು. "ಡೇರೆಯಿಂದ ಹೊರಗೆ ಬಂದ್ರೆ ಮಾತಾಡ್ಸೋರು ಒಬ್ರೂ ಇರ್ತಿರ್ಲಿಲ್ಲ."

ಸ್ಪರ್ಧೆಗೆ ನಮ್ಮ ಮನೆಯಿಂದ ಯಾರೂ ಬರುವುದಿಲ್ಲ, ನೀವಾದರೂ ಬನ್ನಿ ಎಂದು ಶರಣ್ಯಾ ಕೇಳಿದಳು. ಅವರು ಹೂವಿನ ದಾರದ ಗಂಟು ಬಿಗಿದು, ಯಾವತ್ತು ಎಂದು ಕೇಳಿದರು.

ಸ್ಪರ್ಧೆ ಶಿವಮೊಗ್ಗದಲ್ಲೇ, ಮಧ್ಯಾಹ್ನ. ಹೆಂಗಸರ ವಿಭಾಗದಲ್ಲಿ ಇದ್ದವರು ಐದೇ ಮಂದಿ. ಸ್ನಾಯು ಎದ್ದು ಕಾಣಲೆಂದು ಮೈಗೆ ಕಂದು ಬಣ್ಣ ಬಳಿದುಕೊಂಡು ವೇದಿಕೆ ಹತ್ತಿದಾಗ ಹಿಂದಿನಿಂದ ಶಿಳ್ಳೆ ಕೇಳಿಸಿತು. ಎತ್ತಿ ಹಿಡಿದ ಮೊಬೈಲುಗಳು ಕಂಡವು. ಮೂರನೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಜಲಜಮ್ಮ ಕೈಕಟ್ಟಿ ಕೂತಿದ್ದರು. ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆಯುವವರಂತೆ ನೋಡುತ್ತಿದ್ದರು.

ನಾಲ್ಕನೇ ಸ್ಥಾನ ಬಂತು. ಪದಕವಿಲ್ಲ.

ಹೊರಗೆ ಜಲಜಮ್ಮ ಅವಳ ಭುಜವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಭುಜ ಚೆನ್ನಾಗಿ ಕಟ್ಟಿದೆ. ತೊಡೆ ಸಾಲ್ದು." ಆರು ವರ್ಷದಲ್ಲಿ ಅವಳ ಮೈಯನ್ನು ಹೀಗೆ ದುಡಿಮೆಯ ಫಲವೆಂದು ನೋಡಿದ ಹೆಂಗಸು ಇವರೊಬ್ಬರೇ. ಶರಣ್ಯಾ ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ನಡೆದಳು.

ಬಣ್ಣ ಎರಡು ಬಕೆಟ್ ನೀರಿಗೂ ಪೂರ್ತಿ ಹೋಗಲಿಲ್ಲ. ಬಚ್ಚಲ ಬಾಗಿಲಾಚೆಯಿಂದ ಅಮ್ಮ, ಊಟಕ್ಕೆ ಬಡಿಸಲೇ ಎಂದಷ್ಟೇ ಕೇಳಿದರು.

ಈಗ ಪ್ರತಿ ಭಾನುವಾರ ಶರಣ್ಯಾ ಭದ್ರಾವತಿಗೆ ಹೋಗುತ್ತಾಳೆ. ಜಲಜಮ್ಮ ಹೊಸ್ತಿಲ ಮೇಲೆ ಕೂತು ಸೇವಂತಿಗೆ ಕಟ್ಟುತ್ತ ಅವಳ ಬಸ್ಕಿ ಎಣಿಸುತ್ತಾರೆ.