ಸೈರನ್ ಕೂಗಿದರೆ ಬಟ್ಟೆ ತೆಗೆಯಿರಿ

ಮೊಣಕಾಲು ನೋವಿದ್ದವರಿಗೆ ನಾಲ್ಕು ಮಹಡಿಯ ಮೆಟ್ಟಿಲು ಅಂದರೆ ಏನು ಅನ್ನುವುದನ್ನು ಲಾಂಡ್ರಿಯಕ್ಕನನ್ನೇ ಕೇಳಬೇಕು. ಕಟ್ಟಡದ ನೆಲಮಹಡಿಯಲ್ಲಿ ಅವಳ ಅಂಗಡಿ. ಒಗೆಯುವುದು ಅಲ್ಲಿ, ಒಣಗಿಸುವುದು ತಾರಸಿಯ ಮೇಲೆ, ಒಣಗಿದ್ದನ್ನು ಮತ್ತೆ ಕೆಳಗೆ ತಂದು ಇಸ್ತ್ರಿ. ಲಿಫ್ಟ್ ಇದೆ. ಹೆಸರಿಗೆ ಇದೆ. ಅದು ಕೆಟ್ಟು ನಿಂತದ್ದು ಯಾವಾಗ ಅನ್ನುವುದು ಕಟ್ಟಡದ ಹಳಬರಿಗೂ ನೆನಪಿಲ್ಲ.

ಒದ್ದೆ ಬೆಡ್‌ಶೀಟ್ ತುಂಬಿದ ಟಬ್ಬನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ಹತ್ತುತ್ತಿದ್ದರೆ ಪ್ರತಿ ಮಹಡಿಯಲ್ಲೂ ಉಸಿರು ಸುಧಾರಿಸಿಕೊಳ್ಳಲು ನಿಲ್ಲಬೇಕು. ಮೇಲೆ ಹೋದ ಮೇಲೂ ಸುಖವಿಲ್ಲ. ಹಿಂದುಗಡೆಯೇ ದೊಡ್ಡಾಸ್ಪತ್ರೆ. ಅದರ ಹಿತ್ತಲಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ. ದೂರದೂರಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬರುವ ರೋಗಿಗಳು ಅಲ್ಲಿ ಇಳಿಯುತ್ತಾರೆ. ಹೆಲಿಕಾಪ್ಟರ್ ಬರುವ ದಾರಿ ಲಾಂಡ್ರಿಯಕ್ಕನ ತಾರಸಿಯ ಪಕ್ಕದಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಆ ಸದ್ದಿನಲ್ಲಿ ಯಾರ ಕೂಗೂ ಕೇಳುವುದಿಲ್ಲ, ಅದು ಬೇರೆ ಮಾತು.

ಬರುವುದಕ್ಕೆ ಹತ್ತು ನಿಮಿಷ ಮುಂಚೆ ಆಸ್ಪತ್ರೆಯವರು ಸೈರನ್ ಕೂಗಿಸುತ್ತಾರೆ. ಸುತ್ತಲಿನ ಮನೆಯವರು ಏನು ಮಾಡಬೇಕು ಅಂತ ನಗರಪಾಲಿಕೆಯವರು ನಿಯಮ ಮಾಡಿ, ಸಭೆ ಕರೆದು ಹೇಳಿದ್ದರು. ಲಾಂಡ್ರಿಯಕ್ಕ ಸಭೆಗೆ ಹೋಗಿರಲಿಲ್ಲ. ಅವತ್ತು ಹೋಟೆಲಿನ ಬಟ್ಟೆ ರಾಶಿ ಬಿದ್ದಿತ್ತು. "ತಾರಸಿ ಮೇಲೆ ಇನ್ನು ಬಟ್ಟೆ ಒಣಗಿಸೋ ಹಾಗಿಲ್ಲವಂತೆ" ಅಂತ ಬೀದಿಯ ಬಾಯಿಂದ ಅವಳಿಗೆ ಸುದ್ದಿ ಬಂತು. ಬೀದಿಯ ಬಾಯಿಗೆ ಬಿದ್ದ ಮಾತು ಯಾವತ್ತು ಇದ್ದ ಹಾಗೆ ಬಂದಿದೆ? ಅವಳು ಮಾತ್ರ ಅದನ್ನೇ ನಿಜವೆಂದುಕೊಂಡಳು, ಹಟ ಹಿಡಿದಳು.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಆಸ್ಪತ್ರೆಯ ಬೆಂಕಿ ಕಾವಲಿನವನೊಬ್ಬನಿದ್ದ. ಹೆಲಿಕಾಪ್ಟರ್ ಇಳಿಯುವಾಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲುವುದು ಅವನ ಕೆಲಸ. ತಲೆಯ ಮೇಲೆ ಸದಾ ಕೆಂಪು ಹೆಲ್ಮೆಟ್ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಕೆಂಪುಟೊಪ್ಪಿ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಯೂನಿಫಾರ್ಮು ಇಸ್ತ್ರಿಗೆ ಕೊಡಲು ಬಂದವನು ಮೇಜಿಗೆ ಒರಗಿ ನಿಂತ. ರಾತ್ರಿ ಪಾಳಿ ಮುಗಿಸಿದ ಕಣ್ಣು.

"ಅಕ್ಕಾ, ನಿನ್ನೆನೂ ಸೈರನ್ ಕೂಗಿದಾಗ ನೀವು ಬಟ್ಟೆ ತೆಗೀಲಿಲ್ಲ."

"ತೆಗೀಲಿಲ್ಲ ಅಷ್ಟೇ ಅಲ್ಲಪ್ಪ, ಇನ್ನೂ ನಾಲ್ಕು ಹಾಕಿದೆ" ಅಂದಳು ಲಾಂಡ್ರಿಯಕ್ಕ. "ನಿಮ್ಮ ಹೆಲಿಕಾಪ್ಟರ್ ಒಂದು ಸಲ ಬಂದು ಹೋದ್ರೆ ಸಾಕು, ಎಂಥಾ ದಪ್ಪ ಬೆಡ್‌ಶೀಟಾದ್ರೂ ಗರಿಗರಿ ಆಗತ್ತೆ. ಗಾಳಿ ಬಂದಾಗ ತೂರಿಕೋಬೇಕು ಅಂತ ದೊಡ್ಡವರು ಸುಮ್ನೆ ಹೇಳಿದಾರಾ?"

ಇಸ್ತ್ರಿ ಮಾಡುತ್ತಿದ್ದ ಅವಳ ಗಂಡ ಕಿಸಕ್ಕೆಂದು ನಕ್ಕ. ಕೆಂಪುಟೊಪ್ಪಿ ನಗಲಿಲ್ಲ.

"ಅದು ಒಣಗಿಸೋ ಗಾಳಿಯಲ್ಲ ಅಕ್ಕ, ಕಿತ್ತುಕೊಂಡು ಹೋಗೋ ಗಾಳಿ. ಒಂದು ಬಟ್ಟೆ ಹಾರಿ ಆ ರೆಕ್ಕೆಗೆ ಸುತ್ತಿಕೊಂಡ್ರೆ ಮುಗೀತು. ಒಳಗಿದ್ದವರೂ ಉಳಿಯಲ್ಲ, ಕೆಳಗಿದ್ದವರೂ ಉಳಿಯಲ್ಲ."

"ಹಂಗಾದ್ರೆ ಮೊನ್ನೆ ಮದುವೆ ಗಂಡು ಬಂದು ಇಳಿದ್ನಲ್ಲ, ಹಾರ ಹಾಕ್ಕೊಂಡು? ಅವನಿಗೆ ಯಾವ ಕಾಯಿಲೆ ಇತ್ತು? ಅವರಿಗಿಲ್ಲದ ರೂಲ್ಸು ನಮಗ್ಯಾಕೆ?"

"ಅವರಿಗೂ ಇದೆ. ಅಲ್ಲಿ ರೋಗಿ ಬಿಟ್ಟು ಬೇರೆಯವರನ್ನ ಇಳಿಸೋ ಹಾಗಿಲ್ಲ. ನಾವೇ ನಗರಪಾಲಿಕೆಗೆ ದೂರು ಕೊಟ್ಟಿದೀವಿ. ಕಂಡವರು ಯಾರು ಬೇಕಾದ್ರೂ ಕೊಡಬಹುದು, ನೀವೂ ಕೊಡಿ. ಆದ್ರೆ ಅವರು ತಪ್ಪು ಮಾಡಿದ್ರು ಅಂತ ನಾವೂ ಮಾಡಿದ್ರೆ, ಮಧ್ಯದಲ್ಲಿ ರೋಗಿ ಎಲ್ಲಿಗೆ ಹೋಗಬೇಕು?"

ಲಾಂಡ್ರಿಯಕ್ಕ ಟಬ್ಬನ್ನು ಠಪ್ಪೆಂದು ಕೆಳಗಿಟ್ಟಳು. "ನೋಡಪ್ಪ, ಈ ಕಾಲು ಇಟ್ಕೊಂಡು ಸೈರನ್ ಕೂಗಿದಾಗಲೆಲ್ಲ ಮೇಲಕ್ಕೆ ಓಡೋಕೆ ನನ್ನ ಕೈಲಾಗಲ್ಲ. ಒಣಗಿಸೋದು ಬಿಟ್ರೆ ಹೊಟ್ಟೆಗೇನು ತಿನ್ನೋದು? ಹೇಳೋದು ಸುಲಭ."

"ನನಗೂ ಹೇಳಿ ಹೇಳಿ ಸಾಕಾಗಿದೆ ಅಕ್ಕ" ಅಂದ ಕೆಂಪುಟೊಪ್ಪಿ. ಬೀದಿಯ ಎಲ್ಲ ಮನೆಗೂ ಹತ್ತಿ ಇಳಿದವನು ಅವನು. ಯೂನಿಫಾರ್ಮು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮಲಗಲು ಹೋದ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಸೈರನ್ ಕೂಗಿದಾಗ ಲಾಂಡ್ರಿಯಕ್ಕ ತಾರಸಿಯಲ್ಲೇ ಇದ್ದಳು. ಕೈಲಾದಷ್ಟು ಬೇಗ ಉಳಿದ ಬೆಡ್‌ಶೀಟುಗಳನ್ನೂ ಹಗ್ಗಕ್ಕೆ ಏರಿಸಿದಳು. ಕೊನೆಯದು ಇಬ್ಬರು ಮಲಗುವ ಮಂಚದ್ದು, ಒಳ್ಳೇ ಹಡಗಿನ ಹಾಯಿಯಷ್ಟು ಅಗಲದ ಬಿಳಿ ಬಟ್ಟೆ. ಕ್ಲಿಪ್ಪು ಮುಗಿದಿದ್ದವು. ಕೆಳಗೆ ಹೋಗಿ ತರಬೇಕೆಂದರೆ ನಾಲ್ಕು ಮಹಡಿ. 'ಒಂದು ಕ್ಲಿಪ್ಪಲ್ಲೇ ನಿಲ್ಲತ್ತೆ ಬಿಡು' ಅಂದುಕೊಂಡು ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಕೂತಳು.

ಹೆಲಿಕಾಪ್ಟರ್ ಬಂತು. ಹಗ್ಗದ ಮೇಲಿನ ಬಟ್ಟೆಯೆಲ್ಲ ಉಬ್ಬಿ ನಿಂತಿತು. ಆ ಬಿಳಿ ಬೆಡ್‌ಶೀಟು ಒಮ್ಮೆ ಪಟಪಟನೆ ಬಡಿದುಕೊಂಡು ಕಿತ್ತುಕೊಂಡೇ ಹೋಯಿತು. ತಾರಸಿಯ ಗೋಡೆ ದಾಟಿತು, ಕೆಳಗೆ ಬೀಳುವುದರ ಬದಲು ಮೇಲಕ್ಕೇರಿತು. ಲಾಂಡ್ರಿಯಕ್ಕ ಎದ್ದು ನಿಲ್ಲುವಷ್ಟರಲ್ಲಿ ಅದು ಹೆಲಿಕಾಪ್ಟರಿನ ಮುಂದೆಯೇ ಹರಡಿಕೊಂಡಿತ್ತು. ಹೆಲಿಕಾಪ್ಟರ್ ಓರೆಯಾಗಿ, ಗುಡುಗಿದಂತೆ ಸದ್ದು ಮಾಡಿ ಮೇಲಕ್ಕೆದ್ದಿತು. ಕೆಳಗೆ ಕೆಂಪುಟೊಪ್ಪಿ ಎರಡೂ ಕೈ ಬೀಸುತ್ತಿದ್ದ. ಹೆಲಿಕಾಪ್ಟರ್ ಒಂದು ಸುತ್ತು ಸುತ್ತಿ, ಇಳಿಯದೆ, ನಗರದ ಆ ತುದಿಯ ಕಡೆಗೆ ಹೋಗಿಬಿಟ್ಟಿತು.

ಸಂಜೆ ಕೆಂಪುಟೊಪ್ಪಿ ಆ ಬೆಡ್‌ಶೀಟನ್ನು ನೀಟಾಗಿ ಮಡಚಿಕೊಂಡು ಅಂಗಡಿಗೆ ಬಂದ. ಬೈಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ಆ ಕಡೆ ಮೈದಾನದಲ್ಲಿ ಇಳಿಸಿದ್ರು ಅಕ್ಕ. ಅಲ್ಲಿಂದ ಆಂಬುಲೆನ್ಸು. ಇಡೀ ಊರಿನ ಟ್ರಾಫಿಕ್ ದಾಟಿ ಬರಬೇಕಾಯ್ತು."

"ಯಾರಪ್ಪಾ ಅದು?"

"ಕಲ್ಲು ಕ್ವಾರಿಯವನು. ಕಾಲ ಮೇಲೆ ಬಂಡೆ ಬಿದ್ದಿತ್ತು. ಜೀವ ಉಳೀತು, ಕಾಲು ಉಳೀಲಿಲ್ಲ."

"ಬೇಗ ಬಂದಿದ್ರೆ..." ಅವಳ ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದ.

"ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ" ಅಂದ ಕೆಂಪುಟೊಪ್ಪಿ. ಬೆಡ್‌ಶೀಟನ್ನು ಮೇಜಿನ ಮೇಲಿಟ್ಟು ಹೋದ.

ಲಾಂಡ್ರಿಯಕ್ಕ ಅವತ್ತು ಊಟ ಮಾಡಲಿಲ್ಲ. ಆದರೂ ಮನಸ್ಸು ಸುಮ್ಮನೆ ಒಪ್ಪುತ್ತದೆಯೇ? 'ಗಾಳಿಗೆ ಹಾರಿತು, ನಾನೇನು ಬೇಕಂತ ಮಾಡಿದ್ನಾ' ಅಂತ ಗಂಡನಿಗೆ ಹೇಳಿದಳು, ಸೊಸೆಗೆ ಹೇಳಿದಳು, ಕೊನೆಗೆ ಕೇಳುವವರಿಲ್ಲದೆ ತನಗೇ ಹೇಳಿಕೊಂಡಳು.

ಕೆಲವು ದಿನ ಕಳೆದ ಮೇಲೆ ಒಬ್ಬ ಹೆಂಗಸು ಬಟ್ಟೆ ಗಂಟು ಹಿಡಿದುಕೊಂಡು ಬಂದಳು. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾದ ಮುಖ. ಗಂಟು ಬಿಚ್ಚಿದರೆ ಗಂಡಸಿನ ಅಂಗಿ, ಪ್ಯಾಂಟು, ಹೊಲಿಗೆಯ ಸಂದಿನಲ್ಲೆಲ್ಲ ಕಲ್ಲಿನ ಪುಡಿ.

"ಆಸ್ಪತ್ರೆ ಹಿಂದೆ ಲಾಂಡ್ರಿ ಇದೆ ಅಂದ್ರು. ನಮ್ಮ ಮನೆಯವರನ್ನ ಮನೆಗೆ ಕಳಿಸ್ತಾರೆ, ಒಗೆದು ಇಸ್ತ್ರಿ ಮಾಡಿಕೊಡಿ ಅಕ್ಕ" ಅಂದಳು. ಆಮೇಲೆ ಪ್ಯಾಂಟನ್ನು ಬೇರೆಯಾಗಿ ಎತ್ತಿಕೊಟ್ಟು, "ಇದರ ಎಡಗಾಲನ್ನ ಒಳಗಡೆಗೆ ಮಡಚಿ ಇಸ್ತ್ರಿ ಹಾಕ್ತೀರಾ? ಉದ್ದಕ್ಕೆ ಬಿಟ್ರೆ ನೇತಾಡತ್ತೆ. ಅವರು ಅದನ್ನೇ ನೋಡ್ತಾ ಕೂತುಬಿಡ್ತಾರೆ" ಅಂದಳು.

ಲಾಂಡ್ರಿಯಕ್ಕನ ಕೈ ಪ್ಯಾಂಟಿನ ಮೇಲೆಯೇ ನಿಂತಿತು.

"ಹೆಲಿಕಾಪ್ಟರಲ್ಲಿ ಬಂದ್ವಿ. ಇಲ್ಲೇ ಇಳೀಬೇಕಿತ್ತು" ಅಂತ ಆ ಹೆಂಗಸು ಯಾರಿಗೂ ಅಲ್ಲದ ಹಾಗೆ ಹೇಳಿದಳು. "ಯಾವುದೋ ಬಟ್ಟೆ ಹಾರಿ ಅಡ್ಡ ಬಂತಂತೆ. ಗಾಳಿ. ಯಾರನ್ನ ಏನು ಅನ್ನೋದು."

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ಆ ಬಟ್ಟೆ ನಮ್ಮದಮ್ಮಾ" ಅಂದಳು ಲಾಂಡ್ರಿಯಕ್ಕ. "ತೆಗೀಬೇಕಿತ್ತು. ನಾನು ತೆಗೀಲಿಲ್ಲ."

ಆ ಹೆಂಗಸು ಅವಳನ್ನೇ ನೋಡಿದಳು. ಜಗಳವಾಡುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ಬರಲಿ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಹೋದಳು.

ಆ ಪ್ಯಾಂಟನ್ನು ಲಾಂಡ್ರಿಯಕ್ಕ ತಾನೇ ಒಗೆದಳು, ತಾನೇ ಇಸ್ತ್ರಿ ಮಾಡಿದಳು. ಎಡಗಾಲನ್ನು ಒಳಗೆ ಮಡಚಿ, ಜಾರದ ಹಾಗೆ ಕ್ಲಿಪ್ಪು ಹಾಕಿದಳು. ಒಂದಲ್ಲ, ಎರಡು. ಹಾಕಿದವಳು ಮೇಜಿಗೆ ತಲೆ ಆನಿಸಿ ಅತ್ತುಬಿಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ತಡವಾಗಿ ಬಂದ ಬುದ್ಧಿಯಾದರೂ ಬಂದದ್ದು ಬಂತಲ್ಲ. ಮರುದಿನ ಅವಳೇ ಮೂರನೇ ಮಹಡಿ ಹತ್ತಿ ಕೆಂಪುಟೊಪ್ಪಿಯ ಬಾಗಿಲು ತಟ್ಟಿದಳು. ಹಿಂದೆ ಗಂಡ, ಸೊಸೆ.

"ಒಣಗಿಸಲೇಬಾರದಾ? ಸರಿಯಾಗಿ ಹೇಳಪ್ಪ. ಇವತ್ತು ಕೇಳ್ತೀನಿ."

"ಒಣಗಿಸಬಾರದು ಅಂತ ಯಾರೂ ಹೇಳಿಲ್ಲ ಅಕ್ಕ! ಸೈರನ್ ಕೂಗಿದ ಮೇಲೆ ತಾರಸಿ ಮೇಲೆ ಹಾರೋ ವಸ್ತು ಇರಬಾರದು ಅಂತ. ಬಟ್ಟೆ, ಪ್ಲಾಸ್ಟಿಕ್ ಹಾಳೆ, ಖಾಲಿ ಡಬ್ಬ, ಸಡಿಲವಾದ ತಗಡು. ಟ್ಯಾಂಕಿನ ಮುಚ್ಚಳ ಬಿಗಿಯಾಗಿ ಕಟ್ಟಿರಬೇಕು. ಗಾಳಿಪಟ, ಡ್ರೋನ್ ಹಾರಿಸಬಾರದು. ಹೊಸದಾಗಿ ಕಂಬ, ಆಂಟೆನಾ ನಿಲ್ಲಿಸೋ ಮುಂಚೆ ಕೇಳಬೇಕು. ಕತ್ತಲಲ್ಲಿ ಅದರ ಕಡೆ ಟಾರ್ಚು, ಲೇಸರ್ ಬಿಡಬಾರದು, ಓಡಿಸೋವನ ಕಣ್ಣು ಕೋರೈಸತ್ತೆ. ಇಷ್ಟೇ."

"ಇಷ್ಟೇನಾ?" ಅಂದಳು ಲಾಂಡ್ರಿಯಕ್ಕ.

"ಇಷ್ಟೇ. ಸಭೇಲಿ ಹೇಳಿದ್ರು."

"ಅತ್ತೆ, ನಿಮ್ಮೊಬ್ಬರ ಕೈಲಿ ಹತ್ತು ನಿಮಿಷದಲ್ಲಿ ಆಗಲ್ಲ" ಅಂದಳು ಸೊಸೆ. "ದೊಡ್ಡ ಬೆಡ್‌ಶೀಟೆಲ್ಲ ಎರಡನೇ ಮಹಡಿ ಒಳಗಿನ ವರಾಂಡದಲ್ಲಿ ಹಾಕೋಣ, ಅಲ್ಲಿಗೆ ಬಿಸಿಲು ಬರತ್ತೆ. ಮೇಲೆ ಬರೀ ಚಿಕ್ಕ ಬಟ್ಟೆ. ಸೈರನ್ ಕೂಗಿದ್ರೆ ನಾಲ್ಕನೇ ಮಹಡಿಯವರು ತೆಗೀತಾರೆ, ನಾನು ಮಾತಾಡ್ತೀನಿ."

"ಅವರು ಒಪ್ತಾರಾ?"

"ಕೇಳಿ ನೋಡೋಣ. ನಾವು ಇಷ್ಟು ದಿನ ಯಾರನ್ನ ಕೇಳಿದ್ವಿ?"

ನಾಲ್ಕನೇ ಮಹಡಿಯವರು ಒಪ್ಪಿದರು. ಗೊಣಗಿಕೊಂಡೇ ಒಪ್ಪಿದರು, ಆದರೂ ಒಪ್ಪಿದರು. ಮದುವೆ ಗಂಡಿನ ವಿಚಾರಕ್ಕೆ ಲಾಂಡ್ರಿಯಕ್ಕನ ಗಂಡ ನಗರಪಾಲಿಕೆಗೆ ಹೋಗಿ ದೂರು ಕೊಟ್ಟು ಬಂದ.

ಈಗಲೂ ಸೈರನ್ ಕೂಗುತ್ತದೆ. ಲಾಂಡ್ರಿಯಕ್ಕನ ಮೊಣಕಾಲು ನೋವು ಹಾಗೇ ಇದೆ, ಲಿಫ್ಟ್ ಇನ್ನೂ ರಿಪೇರಿಯಾಗಿಲ್ಲ, ದಣಿವು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೂ ಅವಳು ಕೆಳಗಿನಿಂದಲೇ "ಬಟ್ಟೇ!" ಅಂತ ಕೂಗುತ್ತಾಳೆ. ಮೇಲೆ ಬಾಗಿಲುಗಳು ತೆರೆಯುತ್ತವೆ. ಹೆಲಿಕಾಪ್ಟರ್ ಬರುವ ಹೊತ್ತಿಗೆ ತಾರಸಿಯ ಮೇಲೆ ಬರೀ ಹಗ್ಗ. ಅದು ನೆಲ ಮುಟ್ಟಿ ಸದ್ದು ಅಡಗುವವರೆಗೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿರುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ದಣಿದಿದ್ದೀರಿ, ಗೊತ್ತು. ಆದರೂ ನಿಮ್ಮ ಮನೆಯ ಹತ್ತಿರ ಹೆಲಿಕಾಪ್ಟರ್ ಇಳಿಯುವ ಜಾಗ ಇದ್ದರೆ ಇವತ್ತೇ ಒಮ್ಮೆ ತಾರಸಿ ಹತ್ತಿ ನೋಡಿ, ಏನೇನು ಹಾರಬಹುದು ಅಂತ. ನಿಮ್ಮ ಊರಿನ ನಿಯಮವೇನು ಅನ್ನುವುದನ್ನು ಬೀದಿಯ ಬಾಯಿಂದಲ್ಲ, ಕಚೇರಿಗೇ ಹೋಗಿ ಕೇಳಿ. ಒಬ್ಬರ ಕೈಲಾಗದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ. ಸೈರನ್ ಕೂಗಿದಾಗ ಮೇಲೆ ಯಾರೋ ಒಬ್ಬರು ಇಳಿಯಲು ಜಾಗ ಕೇಳುತ್ತಿರುತ್ತಾರೆ. ಕೊಡಿ. ಬಟ್ಟೆ ನಾಳೆಯೂ ಒಣಗುತ್ತದೆ.