ರಾಜಮಾತೆಯ ಹೂವಿನ ಪಾತ್ರೆ

ಅರಮನೆಯಲ್ಲಿ ರಾಜಮಾತೆಯ ಮಲವನ್ನು ಮಲ ಎನ್ನುವಂತಿರಲಿಲ್ಲ, ಹೂವು ಎನ್ನಬೇಕಿತ್ತು. ಕೆಂಪು ರೇಷ್ಮೆ ಮುಚ್ಚಿದ ತಾಮ್ರದ ಪಾತ್ರೆಯಲ್ಲಿ ಅದು ದಿನಾ ಬೆಳಿಗ್ಗೆ ವೈದ್ಯಶಾಲೆಗೆ ಬರುತ್ತಿತ್ತು. ಪಾತ್ರೆ ಹೊರುವ ಸೇವಕಿ ಪಾಂಗ್ ಬಾಗಿಲಲ್ಲಿ ಕಾಣಿಸಿದೊಡನೆ ವೈದ್ಯರೆಲ್ಲ ಎದ್ದು ತಲೆ ಬಾಗಿಸುತ್ತಿದ್ದರು.

ಆ ದಿನ ಎಲ್ಲರಿಗಿಂತ ಹೆಚ್ಚು ಬಾಗಿದವಳು ಯೊನ್‌ಸಿಮ್. ಅವಳಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಒಳಮನೆಯ ಹೆಂಗಸರ ನಾಡಿ ಹಿಡಿದು, ಬೆರಳಿಗೆ ತಿಳಿದದ್ದನ್ನು ಹೊರಗೆ ಕೂತ ಮ್ಯಾಂಗ್ ವೈದ್ಯರಿಗೆ ಒಪ್ಪಿಸುವುದಷ್ಟೇ ಇಷ್ಟು ವರ್ಷ ಅವಳ ಕೆಲಸವಾಗಿತ್ತು. ಔಷಧ ಬರೆಯುವ ಕುಂಚ ಗಂಡಸರದು. ಈ ಸಲ ಹೊಟ್ಟೆ ಕೆಟ್ಟಾಗ ರಾಜಮಾತೆ ಮ್ಯಾಂಗರ ಕಹಿ ಕಷಾಯಕ್ಕೆ ಹೆದರಿ, ತನಗೆ ಯೊನ್‌ಸಿಮ್ ಬರೆದ ಔಷಧವೇ ಬೇಕೆಂದು ಹಟ ಹಿಡಿದಿದ್ದಳು. ದೊರೆ ಒಪ್ಪಿದ್ದ. ಗುಣವಾದರೆ ಕುಂಚ ಯೊನ್‌ಸಿಮ್‌ಳ ಕೈಯಲ್ಲೇ ಉಳಿಯುತ್ತದೆ. ಆಗದಿದ್ದರೆ ಹೆಂಗಸರು ಇನ್ನು ಕುಂಚದ ಹೆಸರೆತ್ತುವಂತಿಲ್ಲ.

ಮ್ಯಾಂಗ್ ವೈದ್ಯರು ರೇಷ್ಮೆ ಸರಿಸಿ ಇಣುಕಿದರು.

"ಹೂವೇನಮ್ಮ ಇದು, ಹೊಳೆ! ಬಾ ಬಾ, ಹೊಸ ವೈದ್ಯೆ. ಈಜೋಕೆ ಬರುತ್ತಾ ನಿಂಗೆ?"

ಯೊನ್‌ಸಿಮ್ ಬಗ್ಗಿ ನೋಡಿದಳು. ನಿಜಕ್ಕೂ ಹೊಳೆಯೇ. ಅದರಲ್ಲಿ ಕರಬೂಜದ ಬೀಜಗಳು ತೇಲುತ್ತಿದ್ದವು. ಅಡುಗೆಮನೆಯ ಯಜಮಾನನನ್ನು ಕರೆಸಿ ಕೇಳಿದರೆ ಅವನು ಎದೆ ಮುಟ್ಟಿಕೊಂಡ.

"ರಾಜಮಾತೆಗೆ ಕರಬೂಜನಾ? ತಂಪು ಅಂತ ನೀವೇ ಬೇಡ ಅಂದಿದ್ದಲ್ವಾ ತಾಯಿ? ಬಂದ ಗಾಡಿ ಕರಬೂಜ ಪೂರ್ತಿ ಕೆಲಸದ ಹೆಂಗಸ್ರಿಗೇ ಕೊಟ್ಬಿಟ್ಟೆ!"

ಅವಳಿಗೆ ತಲೆ ಕೆಟ್ಟಿತು. ಹಿಂದಿನ ಸಂಜೆ ನಾಡಿ ಹಿಡಿದಾಗ ಹೊಟ್ಟೆ ಗಟ್ಟಿ ಕಟ್ಟಿಕೊಂಡಿದೆ ಎಂದು ಬೆರಳು ಹೇಳಿತ್ತು. ಪಾತ್ರೆ ತದ್ವಿರುದ್ಧ ಹೇಳುತ್ತಿದೆ. ಪಾತ್ರೆಯನ್ನು ಊರೆಲ್ಲ ನೋಡುತ್ತದೆ, ಬೆರಳಿಗೆ ತಿಳಿದದ್ದು ತನಗೊಬ್ಬಳಿಗೇ. ಬೆರಳಿಗೂ ನಿದ್ದೆ ಕಡಿಮೆಯಾಗಿರಬೇಕು ಎಂದುಕೊಂಡು ಕುಂಚ ಹಿಡಿದು, ಭೇದಿ ಕಟ್ಟುವ ಔಷಧ ಬರೆದಳು: ಸೂರಿನಡಿ ದಾರಕ್ಕೆ ಪೋಣಿಸಿ ಒಣಗಿಸಿದ, ಬೆಲ್ಲದಂತೆ ಸಿಹಿಯಾದ ಗಾಮ್ ಹಣ್ಣು, ಮೂರು ಹೊತ್ತು.

ರಾಜಮಾತೆ ಅದನ್ನು ಕೇಳಿ ಹಾಸಿಗೆಯಲ್ಲೇ ಎದ್ದು ಕೂತಳು.

"ಒಣ ಗಾಮ್ ಹಣ್ಣಾ? ಔಷಧೀನಾ? ಎಂಥಾ ಚಿನ್ನದಂಥ ವೈದ್ಯೆ ನೀನು! ಇನ್ನೆರಡು ಜಾಸ್ತಿ ಬರಿ ಮಗಳೇ, ಕಾಯಿಲೆ ಸ್ವಲ್ಪ ಜೋರಾಗೇ ಇದೆ."

ಹೊರಗೆ ಬಂದರೆ ಪಡಸಾಲೆಯಲ್ಲಿ ಪಾಂಗ್ ಹೊಟ್ಟೆ ಹಿಡಿದು ನಿಂತಿದ್ದಳು. ದಪ್ಪ ಹೆಂಗಸು, ಮುಖ ಬಾಡಿತ್ತು.

"ಯೊನ್‌ಸಿಮ್, ಆ ಹಣ್ಣು ಉಳಿದಿದ್ರೆ ನಂಗೂ ಒಂದೆರಡು ಕೊಡೇ. ಕರಬೂಜ ತಿಂದು ಹೊಟ್ಟೆ ನಿಲ್ತಾನೇ ಇಲ್ಲ."

"ಬೀಜ ಸಮೇತ ನುಂಗಿದ್ರೆ ಇನ್ನೇನಾಗುತ್ತಕ್ಕಾ?" ಎಂದು ಬೈದು ಯೊನ್‌ಸಿಮ್ ಒಂದು ಹಿಡಿ ಕೊಟ್ಟಳು. ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೆದರಿದ ತಲೆ ಹಾಗೆಯೇ.

ಮರುದಿನ ಪಾತ್ರೆ ಬಂತು. ಮ್ಯಾಂಗ್ ವೈದ್ಯರು ರೇಷ್ಮೆ ಸರಿಸಿದರು. ಬಗ್ಗಿ ಮೂಸಿದರು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

"ಒಪ್ಕೊಂಡೆ. ಬಣ್ಣ ನೋಡ್ರಯ್ಯಾ! ಆಕಾರ ನೋಡಿ! ನನ್ನ ಜೀವಮಾನದಲ್ಲೇ ಇಂಥಾ ಹೂವು ಕಂಡಿಲ್ಲ."

ಕಿರಿಯ ವೈದ್ಯರೆಲ್ಲ ಸಾಲಾಗಿ ಬಂದು ನೋಡಿ ತಲೆದೂಗಿದರು. ದೊರೆಗೆ ಸುದ್ದಿ ಹೋಯಿತು. ಯೊನ್‌ಸಿಮ್‌ಳ ಕಣ್ಣು ತುಂಬಿ ಬಂತು. ಕುಂಚ ಉಳಿಯಿತು! ಆ ಖುಷಿಯಲ್ಲೇ ಪಾಂಗ್ ಕಡೆ ತಿರುಗಿದಳು.

ಪಾಂಗ್‌ಳ ಕಿವಿ ಕೆಂಪೇರಿತ್ತು. ಅವಳು ಅಂಗಿಯ ಲಾಡಿ ತಿರುಚುತ್ತ, ಮದುವೆಗೆ ಗೊತ್ತಾದ ಹುಡುಗಿಯ ಹಾಗೆ ನಾಚಿ, ಮ್ಯಾಂಗ್ ವೈದ್ಯರಿಗೆ ಬಗ್ಗಿ ನಮಸ್ಕರಿಸಿ, "ಎಲ್ಲಾ ತಮ್ಮ ಆಶೀರ್ವಾದ" ಎಂದಳು.

ಯೊನ್‌ಸಿಮ್‌ಗೆ ಈಗ ಹೊಳೆಯಿತು. ಕರಬೂಜ. ಬೀಜ. ಒಂದು ಹಿಡಿ ಹಣ್ಣು. ಔಷಧ ಕೆಲಸ ಮಾಡಿದೆ, ಆದರೆ ಯಾರ ಹೊಟ್ಟೆಗೆ?

ಸುಮ್ಮನಿದ್ದರೆ ಕುಂಚ ಅವಳದೇ. ಬಾಗಿಲವರೆಗೆ ಹೋಗಿ ಹಿಂದೆ ಬಂದಳು, ಮತ್ತೆ ಹೋದಳು. ಕೊನೆಗೆ ಪಾಂಗ್‌ಳ ತೋಳು ಹಿಡಿದು ಒಳಮನೆಗೆ ಎಳೆದುಕೊಂಡು ಓಡಿದಳು.

ರಾಜಮಾತೆ ನರಳುತ್ತ ಮಲಗಿದ್ದಳು. ಹೊಟ್ಟೆ ಹೊದಿಕೆಯನ್ನು ಡೇರೆಯಂತೆ ಎತ್ತಿತ್ತು. ಒಣ ಗಾಮ್ ಹಣ್ಣಿನ ಮೇಲೆ ಕಟ್ಟುವ ಬಿಳಿ ಸಿಹಿಪುಡಿ ಮೂಗಿನ ತುದಿಯವರೆಗೂ ಮೆತ್ತಿಕೊಂಡಿತ್ತು.

ಯೊನ್‌ಸಿಮ್ ನೆಲಕ್ಕೆ ಹಣೆ ಹಚ್ಚಿದಳು. "ಅಮ್ಮಾವ್ರೇ, ನನ್ನಿಂದ ತಪ್ಪಾಯ್ತು. ನಾನು ವಾಸಿ ಮಾಡಿದ್ದು ಪಾಂಗ್ ಅಕ್ಕನ ಹೊಟ್ಟೇನ."

ಪಾಂಗ್ ಗೊಳೋ ಎಂದಳು. "ನಾನೇನ್ ಮಾಡ್ಲಿ ಅಮ್ಮಾವ್ರೇ, ನೀವೇ ಅಲ್ವಾ ಹೇಳಿದ್ದು, ಖಾಲಿ ಪಾತ್ರೆ ಮಾತ್ರ ಹೋಗ್ಬಾರ್ದು ಅಂತ!"

ರಾಜಮಾತೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ಖಾಲಿ ಹೋದ್ರೆ ಆ ಮ್ಯಾಂಗ್ ಹೊಟ್ಟೆಗೆ ಚುಚ್ಚೋ ಸೂಜಿ ತಗೊಂಡು ಬರ್ತಾನೆ. ನಮ್ಮಣ್ಣ ಕಳಿಸಿದ ಗಾಮ್ ಹಣ್ಣಿನ ಬುಟ್ಟೀನೂ ಹುಡುಕಿಬಿಡ್ತಾನೆ."

"ಬುಟ್ಟೀನಾ? ಮೊದಲಿಂದ್ಲೂ ಅದನ್ನೇ ತಿಂತಿದ್ರಾ? ಹೊಟ್ಟೆ ಕಟ್ಟಿದ್ದೂ ಅದರಿಂದ್ಲೇನಾ?"

"ಅದಕ್ಕೇ ಅಲ್ವೇನೇ, ನೀನು ಅದನ್ನೇ ಔಷಧಿ ಅಂತ ಬರೆದಾಗ ದೇವರೇ ಕಳಿಸಿದ ವೈದ್ಯೆ ಅನ್ಕೊಂಡಿದ್ದು!"

ಮೊದಲು ನಕ್ಕವಳು ರಾಜಮಾತೆ. ಮರುಕ್ಷಣವೇ "ಅಯ್ಯೋ, ನಗಿಸಬೇಡ್ರೇ" ಎಂದು ಹೊಟ್ಟೆ ಹಿಡಿದುಕೊಂಡಳು. ಯೊನ್‌ಸಿಮ್ ಅಪ್ಪಣೆ ಕೇಳಿ ಆ ಹೊಟ್ಟೆಯ ಮೇಲೆ ಕೈಯಿಟ್ಟಳು. ಬೆರಳು ಮೊದಲು ಹೇಳಿದ್ದನ್ನೇ ಹೇಳಿತು. ಈ ಸಲ ಬೆರಳನ್ನೇ ನಂಬಿ ಬರೆದಳು: ಹೊಟ್ಟೆ ಸಡಿಲಿಸುವ ರೇವಲ್ಚಿನ್ನಿ ಬೇರು, ಜೇನು, ಬಿಸಿನೀರು.

ಆಮೇಲೆ ಅಲ್ಲಿ ನಡೆದದ್ದಕ್ಕೆ ಹೂವು ಎಂಬ ಮಾತು ಸಾಲದು. ಪಾಂಗ್ ಮೂರು ಸಲ ಪಾತ್ರೆ ಬದಲಾಯಿಸಿದಳು.

ಸಂಜೆ ರಾಜಮಾತೆ ಹಗುರಾಗಿ ಕೂತು ಗಂಜಿ ಕುಡಿಯುತ್ತ ಮಗನಿಗೆ ಹೇಳಿ ಕಳಿಸಿದಳು: ಒಳಮನೆಯ ಹೆಂಗಸರಿಗೆ ಇನ್ನು ಮುಂದೆ ಔಷಧ ಬರೆಯುವುದು ಯೊನ್‌ಸಿಮ್. ಆಮೇಲೆ ಅವಳ ಕಿವಿಯಲ್ಲಿ, "ತಪ್ಪು ಅಂತ ಬಂದು ಹೇಳಿದ ವೈದ್ಯರನ್ನ ಈ ಅರಮನೇಲಿ ಇವತ್ತೇ ನೋಡಿದ್ದು ಕಣೇ" ಎಂದಳು. "ದಿನಕ್ಕೊಂದು ಹಣ್ಣು ತಿನ್ಬಹುದಲ್ವಾ?"

"ಅರ್ಧ, ಅಮ್ಮಾವ್ರೇ."

ಮರುದಿನ ರಾಜಮಾತೆಯ ನಿಜವಾದ ಹೂವೇ ವೈದ್ಯಶಾಲೆಗೆ ಬಂತು. ಮ್ಯಾಂಗ್ ವೈದ್ಯರು ರೇಷ್ಮೆ ಸರಿಸಿ ನೋಡಿ ಮುಖ ಸಿಂಡರಿಸಿದರು.

"ನಿನ್ನೇದರ ಮುಂದೆ ಇದೇನೂ ಇಲ್ಲ. ಔಷಧಿ ಯಾಕಮ್ಮಾ ಬದಲಾಯಿಸ್ದೆ?"

ಯೊನ್‌ಸಿಮ್ ತುಟಿ ಕಚ್ಚಿಕೊಂಡಳು. ಪಾಂಗ್ ಮಾತ್ರ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಬಗ್ಗಿ ನಮಸ್ಕರಿಸಿದಳು.