ಒಂದೂವರೆ ಹೆಜ್ಜೆ

ಮೇಜು ತಳ್ಳುತ್ತಿತ್ತು. ಕೋಣೆಯಲ್ಲಿ ಯಾರೂ ನಡೆಯುತ್ತಿರಲಿಲ್ಲ, ಆದರೂ ತಳ್ಳುತ್ತಿತ್ತು.

ಮೇಜು ಅಂದರೆ ಊಟದ ಮೇಜಲ್ಲ ಮತ್ತೆ! ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಸ್ಪ್ರಿಂಗುಗಳ ಮೇಲೆ ಕೂರಿಸಿದ್ದ, ಲಾರಿಯಷ್ಟು ತೂಕದ ಕಲ್ಲುಹಾಸು ಅದು. ಮೂಲೆಗೊಂದು ಉಕ್ಕಿನ ತೋಳು. ಹೊರಗೆ ಬಸ್ಸು ಹೋಗಲಿ, ಪಕ್ಕದಲ್ಲಿ ಯಾರಾದರೂ ನಡೆಯಲಿ, ನೆಲ ಎಷ್ಟು ಅದುರುತ್ತದೋ ಅಷ್ಟನ್ನೇ ಆ ತೋಳುಗಳು ಎದುರಿನಿಂದ ತಳ್ಳಿ ಅಳಿಸಿಹಾಕಬೇಕು. ಹಾಸಿನ ಮೇಲಿಟ್ಟ ವಸ್ತುವಿಗೆ ಸುದ್ದಿಯೇ ಮುಟ್ಟಬಾರದು. ಯಾವ ಅದುರಿಗೆ ಎಷ್ಟು ತಳ್ಳಬೇಕೆಂಬುದನ್ನು ಅದು ತಾನೇ ಕಲಿಯುತ್ತಿತ್ತು. ಕಲಿಯಲು ಯಾರಾದರೂ ಅದರ ಸುತ್ತ ನಡೆಯಬೇಕಿತ್ತು, ಅಷ್ಟೆ. ಅಲ್ಲಿನವರು ಅದನ್ನು ಮೇಜಿನ ಪಾಠ ಅನ್ನುತ್ತಿದ್ದರು.

ದಿನಾ ಪಾಠ ಹೇಳುತ್ತಿದ್ದವನು ಅವಳ ಗಂಡ. ಅವಳು ಮೇಜಿನ ನಿಯಂತ್ರಣ ನೋಡಿಕೊಳ್ಳುವ ಇಂಜಿನಿಯರು, ಅವನು ಅಲ್ಲಿಯ ತಂತ್ರಜ್ಞ. ಚಿಕ್ಕಂದಿನಲ್ಲಿ ಬಿದ್ದು ಅವನ ಒಂದು ಕಾಲು ಗಿಡ್ಡವಾಗಿತ್ತು. ಧಪ್ ಎಂದು ಒಂದು ಹೆಜ್ಜೆ, ಸರಕ್ಕನೆ ಅರ್ಧ ಹೆಜ್ಜೆ. ಎಲ್ಲರೂ 'ಒಂದೂವರೆ' ಎಂದೇ ಕರೆಯುತ್ತಿದ್ದರು, ಅವನೂ ಹಲ್ಲು ಬಿಟ್ಟು ಓಗೊಡುತ್ತಿದ್ದ. "ನನ್ನ ನಡಿಗೇನ ಸುಮ್ಮನಾಗಿಸಿದ್ರೆ ಇದು ಆನೆ ನಡಿಗೇನೂ ಸುಮ್ಮನಾಗಿಸುತ್ತೆ ಬಿಡಿ," ಅನ್ನುತ್ತಿದ್ದ. ಅಂಥವನು ಒಂದು ಮಧ್ಯಾಹ್ನ ಪಾಠ ಮುಗಿಸಿ, ಕಾಲು ನೋಯುತ್ತದೆ ಎಂದು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವಳು ಆಗ ಮೇಲಿನ ಮಹಡಿಯ ಮೀಟಿಂಗಿನಲ್ಲಿ ಯಾರದೋ ಕೊರೆತ ಕೇಳುತ್ತಾ ಕೂತಿದ್ದಳು. ಸ್ಟೂಲು ಈಗಲೂ ಅಲ್ಲೇ ಇತ್ತು. ಎತ್ತಿಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಅವನು ಹೋದ ಮೇಲೆ ಅತ್ತೆಯದು ಒಂದೇ ರಾಗ. ಕಿವಿ ಮಂದ, ಆದರೂ ಮಂಚದ ಕಾಲಿಗೆ ಪಾದ ಒತ್ತಿಕೊಂಡು ಮಲಗಿ, "ಓಡಾಡ್ತಿದ್ದಾನೆ ಕಣೇ," ಅನ್ನುತ್ತಿದ್ದರು. ವಯಸ್ಸಾಯಿತು, ಪಾಪ, ಎಂದು ಸೊಸೆ ಸುಮ್ಮನಿರುತ್ತಿದ್ದಳು. ಈ ದಿನ ಬೆಳಿಗ್ಗೆ ಮಾತ್ರ ಅತ್ತೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದರು.

"ಈಗ ಮನೇಲಿ ಸದ್ದಿಲ್ಲ ಕಣೇ. ಕೆಲಸಕ್ಕೆ ಹೋಗೋಕೆ ಶುರು ಮಾಡಿರಬೇಕು."

"ಯಾರತ್ತೆ?"

"ಇನ್ಯಾರು? ನಿನ್ನ ಗಂಡ."

ಅವಳು ತಟ್ಟೆ ತೊಳೆದಿಟ್ಟು ಬಂದುಬಿಟ್ಟಿದ್ದಳು. ಈಗ ಕಂಪ್ಯೂಟರ್ ತೆರೆಗಳ ಮುಂದೆ ಕೂತಾಗ ಆ ಮಾತು ಮತ್ತೆ ನೆನಪಾಯಿತು.

ಎಡಗಡೆಯ ತೆರೆಯಲ್ಲಿ ತೋಳುಗಳ ತಳ್ಳು ಗೆರೆಯಾಗಿ ಓಡುತ್ತಿತ್ತು. ಎತ್ತರದ್ದೊಂದು, ಗಿಡ್ಡದ್ದೊಂದು. ಎತ್ತರ, ಗಿಡ್ಡ.

ಬೆನ್ನ ಹಿಂದೆ ನಿಂತಿದ್ದ ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಎಲ್ಲರೂ ಅವರನ್ನು 'ದೊಡ್ಡವರು' ಅನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ಆತುರಗಾರ. ಮೇಜಿನ ಮೇಲೆ ಉಪಗ್ರಹದ ದೂರದರ್ಶಕಕ್ಕೆಂದು ವರ್ಷಗಟ್ಟಲೆ ಉಜ್ಜಿದ ಕನ್ನಡಿ ಕೂತಿತ್ತು. ಸಂಜೆಯೊಳಗೆ ಅದರ ಪರೀಕ್ಷೆ ಮುಗಿಯಬೇಕಿತ್ತು.

"ಹಳೇ ಅಭ್ಯಾಸ ಕಣಮ್ಮ ಇದಕ್ಕೆ. ಇಲ್ಲದ ಹೆಜ್ಜೆಗೆ ತಳ್ತಾ ಇದೆ. ತಳ್ಳಿ ತಳ್ಳಿ ಕೆಂಪು ಗೆರೆ ದಾಟಿದ್ರೆ ಏನ್ ಮಾಡೋದು?"

ಆ ಸ್ಪ್ರಿಂಗುಗಳ ಸ್ವಭಾವವೇ ವಿಚಿತ್ರ. ಸ್ವಲ್ಪ ಅದುರಿದರೆ ತಾವಾಗಿ ತಣ್ಣಗಾಗುತ್ತವೆ. ತೆರೆಗಳ ಮೇಲಿನ ಕೆಂಪು ಗೆರೆ ದಾಟಿತೋ, ಮೇಜು ಏಕ್‌ದಂ ದೊಡ್ಡ ಓಲಾಟಕ್ಕೆ ಜಿಗಿದುಬಿಡುತ್ತದೆ. ಅಲ್ಲಿಗೆ ಜಿಗಿದ ಮೇಲೆ ನೆಲದ ಅದುರು ಇಳಿದರೂ ಮೇಜು ಇಳಿಯುವುದಿಲ್ಲ. ಕನ್ನಡಿ ಚೂರಾಗಲು ಅಷ್ಟು ಸಾಕು.

"ನೆನಪು ಅಳಿಸಿ ಹಾಕು," ಅಂದರು ದೊಡ್ಡವರು. ಆಮೇಲೆ ದನಿ ತಗ್ಗಿಸಿದರು. "ನಿನಗೆ ಕಷ್ಟ ಅಂತ ಗೊತ್ತು. ಬೇರೆಯವರಿಗೆ ಹೇಳ್ಲಾ?"

"ಬೇಡ ಸಾರ್. ನಾನೇ ಮಾಡ್ತೀನಿ."

ಅತಿಥಿಗಳನ್ನು ಕರೆತರಲು ಅವರು ಮೇಲೆ ಹೋದರು. ಅವಳು ಒಬ್ಬಳೇ ಉಳಿದಳು. ಅವನ ಫೋಟೋಗಳಿದ್ದವು, ಅಂಗಿಗಳಿದ್ದವು, ನಡಿಗೆ ಮಾತ್ರ ಈ ಮೇಜಿನಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ. ಅದನ್ನು ತನ್ನ ಕೈಯಾರೆ ಒರೆಸಬೇಕಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದಳು.

ಒತ್ತುವಾಗ ಕಣ್ಣು ಬಲಗಡೆಯ ತೆರೆಯ ಮೇಲೆ ಬಿತ್ತು. ಅದು ಕನ್ನಡಿಯ ಅದುರು ತೋರಿಸುವ ತೆರೆ. ಅಲ್ಲಿ ಗೆರೆ ದಾರ ಎಳೆದಂತೆ ನೆಟ್ಟಗಿತ್ತು.

ಅಯ್ಯೋ ದೇವರೇ! ಇಷ್ಟೂ ಜನ ಎಡಗಡೆಯನ್ನೇ ನೋಡುತ್ತಾ ತಲೆ ಕೆಡಿಸಿಕೊಂಡಿದ್ದರು. ಬಲಗಡೆ ಯಾರು ನೋಡುತ್ತಾರೆ? ಗೆರೆ ನೆಟ್ಟಗಿರುವುದೇ ಅವರ ಹೊಟ್ಟೆಪಾಡು. ನೆಟ್ಟಗಿದ್ದರೆ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಇಲ್ಲದ ಹೆಜ್ಜೆಗೆ ತೋಳು ತಳ್ಳುತ್ತಿದ್ದರೆ ಆ ತಳ್ಳಿಗೇ ಕನ್ನಡಿ ಅದುರಬೇಕಿತ್ತು. ಅದುರಿರಲಿಲ್ಲ. ಅಂದರೆ ನೆಲದ ಕಡೆಯಿಂದಲೂ ಏನೋ ಅಷ್ಟೇ ಬಲವಾಗಿ ತಳ್ಳುತ್ತಿತ್ತು.

ಅಷ್ಟರಲ್ಲಿ ನೆನಪು ಅಳಿಸಿಹೋಗಿತ್ತು. ತೋಳುಗಳು ಸುಮ್ಮನಾದವು. ಬಲಗಡೆಯ ಗೆರೆ ಎದ್ದಿತು.

ಎತ್ತರ, ಗಿಡ್ಡ. ಎತ್ತರ, ಗಿಡ್ಡ.

ಕಿವಿಗೆ ಒಂದು ಸದ್ದೂ ಇಲ್ಲ. ಕಿಟಕಿಯಿಲ್ಲದ ಕೋಣೆ, ಬಿಳಿ ದೀಪ, ಮುಚ್ಚಿದ ಬಾಗಿಲು. ತೆರೆಯ ಮೇಲೆ ಮಾತ್ರ ಗೆರೆ ಪ್ರತಿ ಹೆಜ್ಜೆಗೂ ಬೆಳೆಯುತ್ತಿತ್ತು. ನಡೆಯುವವನು ಬಾಗಿಲಿಂದ ಮೇಜಿನತ್ತ ಬರುತ್ತಿದ್ದರೆ ಹೇಗೆ ಬೆಳೆಯಬೇಕೋ ಹಾಗೆ. ಎತ್ತರದ ಗೆರೆಯ ತುದಿ ಕೆಂಪನ್ನು ಇನ್ನೇನು ಮುಟ್ಟುವುದರಲ್ಲಿತ್ತು. ಹಾಸಿನ ಮೇಲೆ ಕನ್ನಡಿ ಕಿಣಿಕಿಣಿ ಅಂದಿತು.

"ರೀ, ಅಲ್ಲೇ ನಿಲ್ಲಿ!"

ಮನೆಯಲ್ಲಿ ಒರೆಸಿದ ನೆಲದ ಮೇಲೆ ಅವನು ಕಾಲಿಟ್ಟಾಗ ಕೂಗುತ್ತಿದ್ದ ದನಿಯೇ ಅದು. ಯೋಚಿಸಿ ಕೂಗಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಗೆರೆ ನಿಂತಿತು.

ಅವಳು ಎದ್ದು ಓಡಬಹುದಿತ್ತು. ಮೇಲೆ ಹೋಗಿ ದೊಡ್ಡವರಿಗೆ ಹೇಳಬಹುದಿತ್ತು, ಅವರು ಒಂದು ಲೋಟ ನೀರು ಕೊಟ್ಟು ರಜೆ ಹಾಕು ಅನ್ನುತ್ತಿದ್ದರು. ಆದರೆ ಅವನು ಇನ್ನೊಂದು ಹೆಜ್ಜೆ ಇಟ್ಟರೆ ಕನ್ನಡಿ ಹೋಗುತ್ತಿತ್ತು. ಬರಬೇಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಉಳಿದದ್ದು ಒಂದೇ ದಾರಿ. ಮೇಜಿಗೆ ಮತ್ತೆ ಪಾಠ ಆಗಬೇಕು, ಹೇಳುವವನೇ ಹೇಳಬೇಕು. ಪಾಠ ಮುಗಿದರೆ ಈ ಗೆರೆ ಮತ್ತೆ ಸತ್ತುಹೋಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ತಿಂಗಳಾದ ಮೇಲೆ ಕಂಡ ನಡಿಗೆ! ತಾನೇ ಮತ್ತೆ ಕಾಣದ ಹಾಗೆ ಮಾಡಬೇಕು.

ಕಲಿಕೆಯ ಗುಂಡಿ ಒತ್ತಿದಳು.

"ಬಾಗಿಲ ಹತ್ರಕ್ಕೆ ವಾಪಸ್ ಹೋಗಿ. ಅಲ್ಲೇ ನಡೀರಿ. ಮೆಲ್ಲಗೆ, ನನ್ನಾಣೆ."

ಗೆರೆ ಚಿಕ್ಕದಾಗಿ ಮೂಡಿತು. ಎತ್ತರ, ಗಿಡ್ಡ. ತೋಳುಗಳು ತಡವರಿಸುತ್ತಾ ತಳ್ಳಲು ಶುರುಮಾಡಿದವು. ಮೊದಲು ತಪ್ಪಿದವು, ಆಮೇಲೆ ಹಿಡಿದವು. "ಈಗ ಸ್ವಲ್ಪ ಹತ್ತಿರ ಬನ್ನಿ," ಅಂದಳು. ಹತ್ತಿರ ಬಂತು. ತೋಳು ಕಲಿತಷ್ಟೂ ಬಲಗಡೆಯ ಗೆರೆ ಕುಗ್ಗಿತು. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಧಪ್ ಎನ್ನುವ ಹೆಜ್ಜೆ ಗುಬ್ಬಿಯಷ್ಟಾಯಿತು, ಅರ್ಧ ಹೆಜ್ಜೆ ಮೊದಲೇ ಮಾಯವಾಯಿತು. ಕಡೆಗೆ ದಾರದಂಥ ನೆಟ್ಟನೆಯ ಗೆರೆ ಉಳಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ದೊಡ್ಡವರು ಅತಿಥಿಗಳೊಂದಿಗೆ ಬಂದರು. ಪರೀಕ್ಷೆ ಯಾವ ತಂಟೆಯೂ ಇಲ್ಲದೆ ಮುಗಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿ ಮೇಲೆ ಹೋದರು. ಅವರ ಹಿಂದೆ ಹೊರಟ ದೊಡ್ಡವರು ಬಾಗಿಲಲ್ಲಿ ನಿಂತು, "ಬೆಣ್ಣೆ ಹಾಗಿತ್ತು ಕಣಮ್ಮ! ಅಳಿಸಿದ್ದು ಒಳ್ಳೇದೇ ಆಯ್ತು. ಕರೆಂಟು ತೆಗೆದು ಬಾ," ಅಂದರು.

"ಇವತ್ತೊಂದಿನ ಇರಲಿ ಸಾರ್."

"ಯಾಕೆ?"

"ಹೊಸ ಪಾಠ. ಮರೆತುಬಿಟ್ಟೀತು."

ಅವರು ಭುಜ ಹಾರಿಸಿ ಹೋದರು. ಅವಳು ಮೇಜಿನ ಬಳಿ ಕುಕ್ಕರಗಾಲಲ್ಲಿ ಕೂತು ಉಕ್ಕಿನ ತೋಳಿನ ಮೇಲೆ ಅಂಗೈ ಇಟ್ಟಳು. ಜೋರಾಗಿ ಒಮ್ಮೆ, ಮೆಲ್ಲಗೆ ಒಮ್ಮೆ. ಅವನು ಇನ್ನೂ ನಡೆಯುತ್ತಲೇ ಇದ್ದ. ಅವಳು ಹೇಳಿದ್ದಳಲ್ಲ, ನಡೀರಿ ಅಂತ. ನಿಲ್ಲಿ ಎಂದು ಹೇಳುವುದನ್ನೇ ಮರೆತಿದ್ದಳು.

"ಸಾಕು ರೀ," ಅಂದಳು. "ಕಾಲು ನೋಯುತ್ತೆ. ಕೂತ್ಕೊಳ್ಳಿ."

ತೋಳು ನಿಂತಿತು. ಆಮೇಲೆ, ಸ್ಟೂಲು ಇದ್ದ ಮಗ್ಗುಲಿಂದ, ಭಾರವೊಂದು ನಿಧಾನಕ್ಕೆ ಕುಳಿತಾಗ ತಳ್ಳಬೇಕಾದಷ್ಟೇ ತೋಳು ಒಂದು ಸಲ ಮೆತ್ತಗೆ ತಳ್ಳಿತು. ಅವಳು ಆ ಕಡೆ ತಿರುಗಲಿಲ್ಲ, ತೋಳಿನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.